ಐವತ್ತು ನಡೆಗಳಿಗೆ ಬೇಕಾದ ಉಸಿರು

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತತೊಡಗಿದ್ದು ಭಕ್ತಿಯಿಂದಲೂ ಅಲ್ಲ, ಬುದ್ಧಿ ಚುರುಕಾಗಲಿ ಎಂದೂ ಅಲ್ಲ. ಸಕ್ಕರೆ ಗಡಿ ಮುಟ್ಟಿದೆ ಎಂದು ವೈದ್ಯರು ಹೇಳಿದ್ದರು, ಅಷ್ಟೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾದವನು ನಾನು. ಸಂಜೆಯಾದರೆ ಚೆಸ್ ಬೋರ್ಡಿನ ಮುಂದೆ ಕೂರುವವನು. ಕುಳಿತು ಆಡುವ ಆಟಕ್ಕೂ ಕಾಲಿನ ಕಸುವಿಗೂ ಏನು ಸಂಬಂಧ ಎಂದು ಆಗ ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎಂದೇ ಹೇಳುತ್ತಿದ್ದೆ.

ಮೆಟ್ಟಿಲುಗಳು ಸಾವಿರದ ಮೇಲಿವೆ. 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಕಟ್ಟಿಸಿದ್ದು. ಪಾದದಿಂದ ಹೊರಟರೆ ಮೊದಲ ಭಾಗವೇ ಕಡಿದು; ಏಳುನೂರರ ಸುಮಾರಿಗೆ ದೊಡ್ಡ ನಂದಿ ಸಿಗುತ್ತದೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಏರುವ ಹೆಂಗಸರು ಕೂಡ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಬೇಸರ ಕಳೆಯಲೆಂದು ನಾನೊಂದು ಲೆಕ್ಕ ಹೂಡಿಕೊಂಡೆ: ಮನಸ್ಸಿನಲ್ಲೇ ಚೆಸ್ ಬೋರ್ಡು ಹಾಸಿಕೊಂಡು ಕುದುರೆಯನ್ನು ಓಡಿಸುವುದು. ಯಾವ ಮನೆಯನ್ನೂ ಎರಡು ಸಲ ಮುಟ್ಟದೆ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಬರಬೇಕು. ಮೈಸೂರಿನವರಿಗೆ ಇದು ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಸಮಸ್ಯೆಯ ಗೀಳಿತ್ತು, ಅವರೇ ಅಂಥ ಸುತ್ತುಗಳನ್ನು ರಚಿಸಿದ್ದರು. ಆದರೆ ಮಹಾರಾಜರು ಅದನ್ನು ಏದುಸಿರು ಬಿಡುತ್ತಾ ಮಾಡಿರಲಾರರು.

ಶುರುವಿನ ದಿನಗಳಲ್ಲಿ ನನ್ನ ಕುದುರೆ ಹೆಚ್ಚು ದೂರ ಹೋಗುತ್ತಿರಲಿಲ್ಲ. ದಮ್ಮು ಹತ್ತಿದ ಕೂಡಲೇ, ಬಲಗಡೆಯ ಮೂಲೆಯ ಮನೆಯನ್ನು ಆಗಲೇ ಮುಟ್ಟಿದ್ದೆನೋ ಇಲ್ಲವೋ ತಿಳಿಯುತ್ತಿರಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕುಳಿತು ಸುಧಾರಿಸಿಕೊಂಡರೆ ಬೋರ್ಡು ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ನನ್ನನ್ನು ಯೋಚನೆಗೆ ಹಚ್ಚಿದ್ದು ಇದೇ. ಗೊತ್ತಿದ್ದದ್ದು ಎಲ್ಲಿಗೂ ಹೋಗಿರಲಿಲ್ಲ. ಉಸಿರು ಸಾಲದ ಆ ಹೊತ್ತಿನಲ್ಲಿ ಕೈಗೆ ಸಿಗುತ್ತಿರಲಿಲ್ಲ. ಮಳೆಗಾಲ ಕಳೆದು ದಸರೆ ಹತ್ತಿರವಾಗುವ ಹೊತ್ತಿಗೆ ಕುದುರೆ ನಂದಿಯವರೆಗೂ ತಪ್ಪದೆ ಬರತೊಡಗಿತು. ಬರಿಯ ಬಾಯಿಪಾಠ ಇರಬಹುದು ಎಂಬ ಗುಮಾನಿಯಿಂದ ಪ್ರತಿ ಸಲ ಬೇರೆ ಬೇರೆ ಮನೆಯಿಂದ ಹೊರಡಿಸಿ ನೋಡಿದೆ. ಆಗಲೂ ಬಂತು.

ಇದನ್ನು ನಮ್ಮ ಬೀದಿಯ ಹಿರಿಯ ಪೈಲ್ವಾನರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಗರಡಿಯ ಮಟ್ಟಿಯಲ್ಲಿ ಹೊರಳಿ ಬೆಳೆದವರು, ಈಗ ಮೊಣಕಾಲು ಹಿಡಿದುಕೊಂಡು ಜಗುಲಿಯಲ್ಲಿ ಕೂರುತ್ತಾರೆ. "ಮೇಷ್ಟ್ರೇ, ಅಖಾಡದಲ್ಲಿ ಪಟ್ಟು ಮರೆತುಹೋಗುವುದು ಪಟ್ಟು ಬಾರದವನಿಗಲ್ಲ, ದಮ್ಮು ಮುಗಿದವನಿಗೆ" ಎಂದರು. ನಾನು ಇಷ್ಟು ತಿಂಗಳು ಬೆಟ್ಟ ಹತ್ತಿ ಕಂಡುಕೊಂಡದ್ದನ್ನು ಅವರು ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಹೇಳಿ ಮುಗಿಸಿದ್ದು ಸ್ವಲ್ಪ ಚುಚ್ಚಿತು.

ಚಳಿಗಾಲದಲ್ಲಿ ನಗರದ ಕಲ್ಯಾಣ ಮಂಟಪವೊಂದರಲ್ಲಿ ಚೆಸ್ ರೇಟಿಂಗ್ ಪಂದ್ಯಾವಳಿ ನಡೆಯಿತು; ರೇಟಿಂಗ್ ಎಂದರೆ ಆಟಗಾರನ ಬಲ ಅಳೆಯುವ ಅಂಕ. ದಿನಕ್ಕೆ ಎರಡು ಸುತ್ತು, ಒಬ್ಬೊಬ್ಬರಿಗೆ ತೊಂಬತ್ತು ನಿಮಿಷ, ಪ್ರತಿ ನಡೆಗೆ ಮೂವತ್ತು ಸೆಕೆಂಡು ಸೇರ್ಪಡೆ. ಅಂದರೆ ಒಂದೊಂದು ಆಟ ನಾಲ್ಕು ಗಂಟೆ ದಾಟಬಹುದು. ಮಧ್ಯಾಹ್ನ ಊಟದ ಸಾಲಿನಲ್ಲಿ ಒಬ್ಬ ಹುಡುಗನ ತಂದೆ ಮೊಬೈಲ್ ತೋರಿಸಿದರು: ಚೆಸ್ ಆಟಗಾರರು ದಿನಕ್ಕೆ ಆರು ಸಾವಿರ ಕ್ಯಾಲೊರಿ ಕರಗಿಸುತ್ತಾರಂತೆ. ಆ ಖುಷಿಯಲ್ಲೇ ಮಗನ ತಟ್ಟೆಗೆ ಇನ್ನೊಂದು ಸೌಟು ಬಿಸಿಬೇಳೆಬಾತ್ ಬಡಿಸಿಕೊಟ್ಟರು. ನನಗೆ ಈ ಲೆಕ್ಕದಲ್ಲಿ ನಂಬಿಕೆಯಿಲ್ಲ. ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟಿದ್ದರೂ, ಸುಮ್ಮನೆ ಕುಳಿತಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಭಾಗವನ್ನು ತಿನ್ನುತ್ತದೆ, ನಿಜ. ಆದರೆ ನಾವು ಕಠಿಣ ಲೆಕ್ಕ ಬಿಡಿಸಲು ಕೂತ ಮಾತ್ರಕ್ಕೆ ಆ ಖರ್ಚು ಏನೂ ಗಗನಕ್ಕೇರುವುದಿಲ್ಲ. ಆತಂಕದಲ್ಲಿ ಎದೆ ಹೊಡೆದುಕೊಳ್ಳುತ್ತದೆ, ಬೆವರುತ್ತದೆ, ಬೆನ್ನು ಬಿಗಿಯುತ್ತದೆ. ದಣಿವು ಬರುವುದು ಅಲ್ಲಿಂದ. ನಾನು ಮಜ್ಜಿಗೆ ಕುಡಿದು ಎರಡು ಬಾಳೆಹಣ್ಣು ತಿಂದು ಎದ್ದೆ.

ಮಧ್ಯಾಹ್ನದ ಎದುರಾಳಿ ಇಂಜಿನಿಯರಿಂಗ್ ಓದುವ ಹುಡುಗ, ರೇಟಿಂಗ್‌ನಲ್ಲಿ ನನಗಿಂತ ಬಹಳ ಮೇಲಿದ್ದವನು. ಮೂರು ಗಂಟೆ ಅವನೇ ಆಡಿದ, ನಾನು ತಡೆದೆ. ಕೊನೆಗೆ ಬೋರ್ಡಿನ ಮೇಲೆ ಅವನಿಗೆ ಆನೆ ಮತ್ತು ಒಂಟೆ, ನನಗೆ ಬರಿಯ ಆನೆ ಉಳಿಯಿತು. ಪುಸ್ತಕದ ಪ್ರಕಾರ ಇದು ಬಹುಪಾಲು ಡ್ರಾ. ಪುಸ್ತಕ ಬರೆದವರು ನಾಲ್ಕನೇ ಗಂಟೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿರುವುದಿಲ್ಲ, ಅಷ್ಟೇ ತೊಡಕು. ನನ್ನ ರಾಜನನ್ನು ಅವನು ಅಂಚಿಗೆ ದೂಡುತ್ತಾನೆ. ನಾನು ಹಿಂದಿನಿಂದ ಆನೆ ಹಿಡಿದು ಅವನ ಒಂಟೆ ಅವನದೇ ರಾಜನ ಮುಂದಿನಿಂದ ಕದಲದ ಹಾಗೆ ಕಟ್ಟಿಹಾಕಬೇಕು. ಅವನು ರಾಜನನ್ನು ಸರಿಸಿದರೆ ಮತ್ತೆ ಹುಡುಕಬೇಕು. ಒಂದು ನಡೆ ಉದಾಸೀನವಾದರೆ ಚೆಕ್‌ಮೇಟ್, ಸೋಲು. ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಇಬ್ಬರೂ ಐವತ್ತು ಐವತ್ತು ನಡೆ ಆಡಿದರೆ ಡ್ರಾ ಕೇಳಬಹುದು. ಬೋರ್ಡಿನಲ್ಲಿ ಕಾಲಾಳೇ ಉಳಿದಿರಲಿಲ್ಲ. ಇಬ್ಬರ ಗಡಿಯಾರವೂ ಬರಿದಾಗಿದ್ದರಿಂದ ಆ ಸೇರ್ಪಡೆಯ ಅರ್ಧ ನಿಮಿಷವೇ ನಮ್ಮ ಬಂಡವಾಳ.

ಮೂವತ್ತು ಸೆಕೆಂಡಿನ ಸೇರ್ಪಡೆ ಇದ್ದಾಗ ಕೊನೆಯವರೆಗೂ ನಡೆಗಳನ್ನು ಬರೆಯಲೇಬೇಕೆಂಬುದು ನಿಯಮ. ನನ್ನ ಹಾಳೆ ತುಂಬಿ ತೀರ್ಪುಗಾರರಿಂದ ಇನ್ನೊಂದು ತೆಗೆದುಕೊಂಡೆ. ಕೊನೆಯ ಕಾಯಿ ಹೊಡೆದ ನಂತರದ ಮೊದಲ ನಡೆಯ ಪಕ್ಕ ಚುಕ್ಕೆ ಇಟ್ಟು, ಹತ್ತು ನಡೆಗೊಂದು ಗೆರೆ ಎಳೆಯುತ್ತಾ ಹೋದೆ. ಎರಡನೆಯ ಗೆರೆಯವರೆಗೆ ಹುಡುಗ ನೆಟ್ಟಗೆ ಕುಳಿತಿದ್ದ. ಆಮೇಲೆ ಮೊಣಕೈ ಮೇಜಿಗೆ ಬಂತು, ಗಲ್ಲ ಅಂಗೈಗೆ ಬಂತು. ಅವನ ಕೈಬರಹ ನನಗೆ ತಲೆಕೆಳಗಾಗಿ ಕಾಣುತ್ತಿತ್ತು. ಅಂಕಿಗಳು ಸಾಲು ಬಿಟ್ಟು ಇಳಿಯತೊಡಗಿದ್ದವು. ಒಂದು ಘಟ್ಟದಲ್ಲಿ ಅವನು ಬಂದ ದಾರಿಯಲ್ಲೇ ರಾಜನನ್ನು ಹಿಂದಕ್ಕೆ ಒಯ್ದ. ಅವನಿಗೆ ಗೆಲುವಿನ ದಾರಿ ಗೊತ್ತಿರಲಿಲ್ಲವೆಂದಲ್ಲ, ಆಟ ಮುಗಿದ ಮೇಲೆ ಅವನೇ ಅದನ್ನು ಥಟ್ಟನೆ ತೋರಿಸಿಕೊಟ್ಟ. ನನಗೂ ಸುಸ್ತಾಗಿತ್ತು, ಸೊಂಟ ಹಿಡಿದಿತ್ತು. ಆದರೆ ನನ್ನ ಸರದಿ ಬಂದಾಗಲೆಲ್ಲ ಆನೆ ಎಲ್ಲಿಗೆ ಹೋಗಬೇಕೆಂಬುದು ಕಾಣುತ್ತಿತ್ತು. ಐದನೆಯ ಗೆರೆ ಎಳೆದು, ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆದೆ. ಅವರು ಎರಡೂ ಹಾಳೆಗಳನ್ನು ಬೆರಳಿಟ್ಟು ಎಣಿಸಿದರು. ಡ್ರಾ.

ಹೊರಗೆ ಟೀ ಕುಡಿಯುವಾಗ ಹುಡುಗ ಕೇಳಿದ: "ಸರ್, ಈ ವಯಸ್ಸಿನಲ್ಲಿ ನಿಮಗೆ ಸುಸ್ತಾಗುವುದಿಲ್ಲವೇ?" ಬೆಟ್ಟದ ವಿಷಯ ಹೇಳಿದೆ. ಅವನಿಗೆ ಅಷ್ಟಾಗಿ ನಂಬಿಕೆ ಬಂದಂತೆ ಕಾಣಲಿಲ್ಲ. ಆಗ ಕಾರ್ಪೋವ್ ಮತ್ತು ಕಾಸ್ಪರೋವ್ ಕತೆ ತೆಗೆದೆ. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಶುರುವಾದ ಅವರ ವಿಶ್ವ ಚಾಂಪಿಯನ್ ಪಂದ್ಯ 1985ರ ಫೆಬ್ರವರಿಯವರೆಗೆ, 48 ಆಟಗಳವರೆಗೆ ಎಳೆಯಿತು. ಡ್ರಾಗಳನ್ನು ಬಿಟ್ಟು, ಮೊದಲು ಆರು ಆಟ ಗೆದ್ದವನಿಗೆ ಪಟ್ಟ; 5-0 ಮುಂದಿದ್ದ ಕಾರ್ಪೋವ್‌ಗೆ ಬೇಕಿದ್ದದ್ದು ಇನ್ನೊಂದೇ ಗೆಲುವು. ಅದು ಬರಲೇ ಇಲ್ಲ; ಅಷ್ಟರಲ್ಲಿ ಆತ ಕಣ್ಣಿಗೆ ಕಾಣುವಷ್ಟು ಇಳಿದುಹೋಗಿದ್ದ. 5-3 ಇದ್ದಾಗ, ಆಟಗಾರರು ಬಳಲಿದ್ದಾರೆಂದು ವಿಶ್ವ ಚೆಸ್ ಸಂಸ್ಥೆಯಾದ ಫಿಡೆಯ ಅಧ್ಯಕ್ಷರು ಫಲಿತಾಂಶವಿಲ್ಲದೆ ಪಂದ್ಯ ನಿಲ್ಲಿಸಿದರು. ನಿಲ್ಲಿಸಿದ್ದು ಯಾರಿಗೆ ಅನುಕೂಲವಾಯಿತು ಎಂಬ ಜಗಳ ಇನ್ನೂ ಮುಗಿದಿಲ್ಲ. ಅದೇ ವರ್ಷದ ಕೊನೆಗೆ ಹೊಸದಾಗಿ ಆಡಿದಾಗ ಕಾಸ್ಪರೋವ್ ಗೆದ್ದ. ಹುಡುಗ ಹುಟ್ಟುವ ಮೊದಲಿನ ಕತೆ. ಆದರೂ ಟೀ ಆರುವವರೆಗೆ ಕೇಳಿಸಿಕೊಂಡ.

ನಡಿಗೆಯಿಂದ ಮಿದುಳು ಬೆಳೆಯುತ್ತದೆ ಎಂದು ಎಲ್ಲರೂ ಹೇಳುತ್ತಾರಲ್ಲ, ನಿಜವೇ ಎಂದೂ ಕೇಳಿದ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ನೆನಪಿತ್ತು. ನೂರಿಪ್ಪತ್ತು ಮಂದಿ ವಯಸ್ಸಾದವರಲ್ಲಿ ಅರ್ಧ ಜನರನ್ನು ಒಂದು ವರ್ಷ ಬಿರುಸಾಗಿ ನಡೆಸಿದರು, ಉಳಿದವರಿಗೆ ಮೈ ಸಡಿಲಿಸುವ ವ್ಯಾಯಾಮ ಮಾತ್ರ. ನಡೆದವರಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಭಾಗ ಶೇ. 2ರಷ್ಟು ಹಿಗ್ಗಿತ್ತು, ಮತ್ತೊಂದು ಗುಂಪಿನಲ್ಲಿ ಕುಗ್ಗಿತ್ತು. ಶೇ. 2 ಎಂದರೆ ದೊಡ್ಡ ಮಾತೇ. ಹಾಗೆಂದು ಇಪ್ಪತ್ತೊಂದು ದಿನದಲ್ಲಿ ಬುದ್ಧಿ ಇಮ್ಮಡಿ ಮಾಡುತ್ತೇವೆಂದು ಜಾಹೀರಾತು ಹಾಕುವವರ ಬಾಯಿಗೆ ಇದನ್ನು ಹಾಕಲು ನನಗೆ ಮನಸ್ಸಿಲ್ಲ. ಬೆಟ್ಟ ನನಗೆ ಒಂದೇ ಒಂದು ಹೊಸ ನಡೆಯನ್ನೂ ಕಲಿಸಿಲ್ಲ. ಇದ್ದದ್ದನ್ನು ನಾಲ್ಕನೇ ಗಂಟೆಯವರೆಗೆ ಕೈಯಳತೆಯಲ್ಲಿ ಇಟ್ಟುಕೊಟ್ಟಿತು.

ರಾತ್ರಿ ಬೇಗ ಮಲಗಿದೆ, ಮರುದಿನ ಬೆಳಗ್ಗೆ ಮೆಟ್ಟಿಲ ತಂಟೆಗೆ ಹೋಗಲಿಲ್ಲ. ಆಟದ ದಿನ ಕಾಲು ಸವೆಸಿಕೊಂಡು ಬರುವುದು ಹುಚ್ಚುತನ. ಹತ್ತು ಗಂಟೆಗೆ ಎದುರಿಗೆ ಕುಳಿತವಳು ಹೈಸ್ಕೂಲಿನ ಹುಡುಗಿ. ನನಗೆ ತಿಳಿಯದ ಓಪನಿಂಗ್ ಒಂದನ್ನು, ಎಂದರೆ ಆಟ ಆರಂಭಿಸುವ ನಡೆಗಳ ಸರಣಿಯೊಂದನ್ನು, ಅವಳು ಅರೆದು ಕುಡಿದಿದ್ದಳು. ಒಂದೂವರೆ ಗಂಟೆಯಲ್ಲಿ ಸೋತು ಎದ್ದೆ, ಬೆವರು ಕೂಡ ಬಂದಿರಲಿಲ್ಲ. ಈಗ ಸಂಜೆ ಹೊತ್ತು ಆ ಓಪನಿಂಗನ್ನು ಓದುತ್ತಿದ್ದೇನೆ.