ಅರಿವು ಎಲ್ಲಿಗೆ ಹೋಗುತ್ತದೆ ಎಂದು ರೋಗಿ ಕೇಳಿದಾಗ

ನಾನು ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ. ಊರವರ ಮಾತಿನಲ್ಲಿ ಹೇಳುವುದಾದರೆ ಮತ್ತು ಬರಿಸುವ ಡಾಕ್ಟರು. ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ರೋಗಿಯ ಮಂಚದ ಪಕ್ಕದಲ್ಲಿ ಕುಳಿತು ಆಡುವ ಹತ್ತು ನಿಮಿಷದ ಮಾತೂ ಚಿಕಿತ್ಸೆಯ ಭಾಗವೇ ಎಂದು ಕಿರಿಯರಿಗೆ ಹೇಳಿಕೊಡುವ ನಾನೇ ಒಮ್ಮೆ ಆ ಮಾತಿನಲ್ಲಿ ಎಡವಿದೆ.

ಪಿತ್ತಕೋಶದ ಕಲ್ಲಿಗೆಂದು ದಾಖಲಾಗಿದ್ದ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರು, ಹಲ್ಲು ಅಲುಗಾಡುತ್ತದೆಯೇ, ಯಾವ ಮಾತ್ರೆ ನುಂಗುತ್ತೀರಿ ಎಂಬ ನನ್ನ ಪ್ರಶ್ನೆಗಳಿಗೆಲ್ಲ ಉತ್ತರಿಸಿದ ಮೇಲೆ ತಾವೂ ಒಂದು ಪ್ರಶ್ನೆ ಕೇಳಿದರು: "ಪ್ರಜ್ಞೆಗೂ ಕ್ವಾಂಟಂಗೂ ಸಂಬಂಧ ಇದೆಯಂತಲ್ಲ, ನಾಳೆ ನೀವು ಮದ್ದು ಕೊಟ್ಟಾಗ ನನ್ನ ಅರಿವು ಎಲ್ಲಿಗೆ ಹೋಗುತ್ತದೆ?" ಕ್ವಾಂಟಂ ಎಂದರೆ ಪರಮಾಣು, ಎಲೆಕ್ಟ್ರಾನ್‌ಗಳಂಥ ಅತಿಸಣ್ಣ ಕಣಗಳು ನಡೆದುಕೊಳ್ಳುವ ನಿಯಮ. ಎಂದೋ ಓದಿದ್ದು ನೆನಪಾಗಿ ನನಗೆ ಹುರುಪು ಬಂತು. ನಮ್ಮದೇ ವೃತ್ತಿಯ, ಅಮೆರಿಕದ ಸ್ಟುವರ್ಟ್ ಹ್ಯಾಮರಾಫ್ ಹಾಗೇ ಹೇಳುತ್ತಾರೆ, ನೊಬೆಲ್ ಪಡೆದ ಭೌತವಿಜ್ಞಾನಿ ರೋಜರ್ ಪೆನ್‌ರೋಸ್ ಅವರೂ ಜೊತೆಗಿದ್ದಾರೆ, ಅರಿವಿನ ಬೇರು ವಿಶ್ವದ ಮೂಲರಚನೆಯಲ್ಲೇ ಇರಬಹುದು ಎಂದೆಲ್ಲ ಹೇಳಿ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಟೇಬಲಿನ ಮೇಲೆ ಮಲಗಿದ್ದ ಮೇಷ್ಟ್ರ ರಕ್ತದೊತ್ತಡ 190ಕ್ಕೆ ಏರಿತ್ತು, ಅಂಗೈ ಬೆವೆತಿತ್ತು. "ವಿಶ್ವದಲ್ಲಿ ಬೆರೆತದ್ದು ತಿರುಗಿ ಇದೇ ದೇಹಕ್ಕೆ ಬರುತ್ತದೆ ಎನ್ನುವುದಕ್ಕೆ ಏನು ಖಾತ್ರಿ?" ಎಂದು ರಾತ್ರಿಯಿಡೀ ಯೋಚಿಸಿದ್ದರಂತೆ. ಶಸ್ತ್ರಚಿಕಿತ್ಸೆಯನ್ನು ಮುಂದೂಡಿದೆವು. ಸರ್ಜನ್ ನನಗೆ ಏನೂ ಅನ್ನಲಿಲ್ಲ, ಅಂದಿದ್ದರೇ ಒಳ್ಳೆಯದಿತ್ತು.

ಆ ವಾರ, ಅರೆಬರೆ ತಿಳಿದಿದ್ದನ್ನು ಕೂತು ಓದಿಕೊಂಡೆ. ಮೊದಲು ಕಂಡದ್ದು ನನ್ನದೇ ಜಾಣತನದ ಪೊಳ್ಳು: ಪೆನ್‌ರೋಸ್ ಅವರಿಗೆ 2020ರಲ್ಲಿ ನೊಬೆಲ್ ಬಂದದ್ದು ಕಪ್ಪುಕುಳಿಗಳ ಕುರಿತ ಗಣಿತಕ್ಕೆ, ಅದಕ್ಕೂ ಅರಿವಿನ ವಾದಕ್ಕೂ ಸಂಬಂಧವಿಲ್ಲ. ಎರಡನೆಯದಾಗಿ, ಬೇರೆ ಬೇರೆಯಾದ ಎರಡು ವಾದಗಳನ್ನು ನಾನು ಒಂದೇ ಎಂದು ತಿಳಿದಿದ್ದೆ. ನೋಡುವವನ ಅರಿವಿನಿಂದಲೇ ಕಣದ ಸ್ಥಿತಿ ನಿರ್ಧಾರವಾಗುತ್ತದೆ ಎಂದು 1961ರಲ್ಲಿ ವಾದಿಸಿದವರು ಭೌತವಿಜ್ಞಾನಿ ಯೂಜೀನ್ ವಿಗ್ನರ್. ಮುಂದೆ ಆ ನಿಲುವನ್ನು ಅವರೇ ಕೈಬಿಟ್ಟರು. ಪ್ರಯೋಗಶಾಲೆಯಲ್ಲಿ ಕಣವೊಂದು ಉಪಕರಣಕ್ಕೋ ಗಾಳಿಯ ಅಣುವಿಗೋ ತಾಗಿ ಗುರುತು ಉಳಿಸಿದರೆ ಸಾಕು, ಅದೇ ವೀಕ್ಷಣೆ. ಆದರೆ ಕನ್ನಡದಲ್ಲಿ "ವೀಕ್ಷಕ" ಎಂದೊಡನೆ ಕನ್ನಡಕ ಹಾಕಿಕೊಂಡ ಮನುಷ್ಯನೊಬ್ಬ ಬಂದು ಕೂರುತ್ತಾನೆ, ಅರ್ಧ ಗೊಂದಲ ಅಲ್ಲಿಂದಲೇ.

ಪೆನ್‌ರೋಸ್ ಅವರ ವಾದದ ದಿಕ್ಕೇ ಬೇರೆ. ಯಾವ ಗಣಕಕ್ಕೂ ನಿಲುಕದ ಗಣಿತಸತ್ಯಗಳನ್ನು ಮನುಷ್ಯ ಕಾಣಬಲ್ಲನಾದ್ದರಿಂದ ಮೆದುಳಿನಲ್ಲಿ ಲೆಕ್ಕಾಚಾರವನ್ನು ಮೀರಿದ ಕ್ವಾಂಟಂ ಭೌತಕ್ರಿಯೆಯೊಂದು ನಡೆಯುತ್ತಿರಬೇಕು ಎಂದು ಅವರು 1989ರಲ್ಲಿ ಬರೆದರು. ಅದಕ್ಕೆ ಮನೆ ಹುಡುಕಿಕೊಟ್ಟವರು ಹ್ಯಾಮರಾಫ್: ನರಕೋಶದೊಳಗಿನ, ಸುಮಾರು 25 ನ್ಯಾನೋಮೀಟರ್ ದಪ್ಪದ ಟೊಳ್ಳು ಕೊಳವೆಗಳಾದ ಮೈಕ್ರೋಟ್ಯೂಬುಲ್‌ಗಳು. ಬೆಚ್ಚಗಿನ, ಒದ್ದೆಯಾದ ಮೆದುಳಿನಲ್ಲಿ ಅಂಥ ಕ್ವಾಂಟಂ ಸ್ಥಿತಿ ಒಂದು ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತೂ ಉಳಿಯದು, ನರದ ಸಂದೇಶಕ್ಕೋ ಮಿಲಿಸೆಕೆಂಡುಗಳು ಬೇಕು ಎಂದು ಭೌತವಿಜ್ಞಾನಿ ಮ್ಯಾಕ್ಸ್ ಟೆಗ್‌ಮಾರ್ಕ್ 2000ದಲ್ಲಿ ಲೆಕ್ಕ ಕೊಟ್ಟರು. ಎದುರು ಪಕ್ಷದವರು ಅದನ್ನು ಒಪ್ಪದೆ ತಮ್ಮ ಲೆಕ್ಕ ಮುಂದಿಟ್ಟರು.

ನನ್ನ ಕೆಲಸಕ್ಕೆ ಹತ್ತಿರದ ಸಂಗತಿ ಕ್ಸೆನಾನ್. ಯಾವುದರೊಂದಿಗೂ ಸುಲಭವಾಗಿ ಬೆರೆಯದ ಈ ಅನಿಲವೂ ಅರಿವಳಿಕೆ ತರುತ್ತದೆ. 2018ರಲ್ಲಿ ಚೀನಾದ ಸಂಶೋಧಕರು ಅದರ ನಾಲ್ಕು ಐಸೊಟೋಪ್‌ಗಳನ್ನು (ತೂಕದಲ್ಲಷ್ಟೇ ಬೇರೆಯಾದ ಅದೇ ಧಾತುವಿನ ರೂಪಗಳನ್ನು) ಇಲಿಗಳಿಗೆ ಕೊಟ್ಟು ನೋಡಿದಾಗ, ಪರಮಾಣುವಿನ ಬೀಜಕ್ಕೆ ಸ್ಪಿನ್ ಎಂಬ ಕ್ವಾಂಟಂ ಗುಣ ಇರುವ 129 ಮತ್ತು 131, ಸ್ಪಿನ್ ಇಲ್ಲದ 132 ಮತ್ತು 134ಕ್ಕಿಂತ ಕಡಿಮೆ ಪರಿಣಾಮಕಾರಿಯಾಗಿದ್ದವು. ರಸಾಯನಶಾಸ್ತ್ರದ ಕಣ್ಣಿಗೆ ನಾಲ್ಕೂ ಒಂದೇ ಆಗಿರುವುದರಿಂದ ಈ ವ್ಯತ್ಯಾಸವನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. ಆದರೂ ಒಂದು ಪ್ರಯೋಗದಿಂದ ಅರಿವೇ ಕ್ವಾಂಟಂ ಎನ್ನುವವರೆಗೆ ಜಿಗಿಯುವುದು, ರೋಗಿಗೆ ಕೆಮ್ಮು ಕಂಡೊಡನೆ ಕ್ಷಯವೆಂದು ಬರೆದಂತೆ. ಸ್ಪಿನ್ನಿನ ಪ್ರಭಾವ ಔಷಧಿ ಅಂಟಿಕೊಳ್ಳುವ ಜಾಗದಲ್ಲೂ ಇರಬಹುದಲ್ಲ?

ಹಾಗೆ ನೋಡಿದರೆ ಕ್ವಾಂಟಂ ಇಲ್ಲದ ಜಾಗವೇ ನನ್ನ ಕೋಣೆಯಲ್ಲಿಲ್ಲ. ರೋಗಿಯ ಬೆರಳಿಗೆ ಕಚ್ಚಿಸುವ ಆಕ್ಸಿಮೀಟರಿನ ಕೆಂಪು ಬೆಳಕನ್ನು ಹಿಮೋಗ್ಲೋಬಿನ್ ಹೀರುವುದೂ ಎಲೆಕ್ಟ್ರಾನ್‌ಗಳ ಕ್ವಾಂಟಂ ನಿಯಮದಿಂದಲೇ, ಹಾಗೆಂದು ಆ ಕ್ಲಿಪ್ಪಿಗೆ ಅರಿವಿದೆಯೆಂದು ಯಾರೂ ಹೇಳುವುದಿಲ್ಲ. ನಾನು ದಿನವೂ ಕೊಡುವ ಪ್ರೊಪೊಫಾಲ್ ನರಕೋಶದ ಹೊದಿಕೆಯ ಗಾಬಾ ಗ್ರಾಹಕಕ್ಕೆ, ಎಂದರೆ ನರದ ಸಂದೇಶವನ್ನು ತಡೆಯುವ ಪ್ರೋಟೀನಿಗೆ, ಅಂಟಿ ಅದರ ತಡೆಯುವ ಶಕ್ತಿಯನ್ನು ಹೆಚ್ಚಿಸುತ್ತದೆ. ಆ ಗ್ರಾಹಕದ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದ ಇಲಿಗಳ ಮೇಲೆ ಅದೇ ಮದ್ದಿನ ಪರಿಣಾಮ ಬಹಳ ತಗ್ಗುತ್ತದೆ. ಇಷ್ಟು ವಿವರಿಸಲು ಹ್ಯಾಮರಾಫ್ ಅವರ ಕೊಳವೆಗಳು ಬೇಕಾಗಲಿಲ್ಲ. ಆದರೆ ನರಕೋಶಗಳ ಮಾತುಕತೆ ಅಡಗಿದರೆ "ನಾನು" ಎಂಬ ಅನುಭವ ಏಕೆ ಅಡಗಬೇಕು ಎಂಬುದಕ್ಕೆ ಗಾಬಾದವರಲ್ಲೂ ಉತ್ತರವಿಲ್ಲ, ಕ್ವಾಂಟಂನವರಲ್ಲೂ ಇಲ್ಲ. ನಮ್ಮ "ಅರಿವಳಿಕೆ" ಎಂಬ ಪದ ಈ ವಿಷಯದಲ್ಲಿ ಪ್ರಾಮಾಣಿಕವಾದದ್ದು: ಅರಿವು ಅಳಿಯುತ್ತದೆ ಎನ್ನುತ್ತದೆ, ಎಲ್ಲಿಗೆ ಹೋಗುತ್ತದೆ ಎನ್ನುವುದಿಲ್ಲ.

ಎರಡು ವಾರದ ನಂತರ ಅದೇ ಮೇಷ್ಟ್ರ ಮಂಚದ ಪಕ್ಕ ಕುಳಿತೆ. ಅಂದು ನಾನು ಹೇಳಿದ್ದು ಇನ್ನೂ ವಾದದಲ್ಲೇ ಇರುವ ಊಹೆ, ಅದನ್ನು ನಿಮ್ಮ ತಲೆಗೆ ತುಂಬಿದ್ದು ನನ್ನ ತಪ್ಪು ಎಂದು ಒಪ್ಪಿಕೊಂಡೆ. ಆಮೇಲೆ ನನಗೆ ಗೊತ್ತಿರುವುದನ್ನಷ್ಟೇ ಹೇಳಿದೆ: ಸೆವೊಫ್ಲೂರೇನ್ ಎಂಬ ಅನಿಲ ಉಸಿರಿನೊಂದಿಗೆ ಒಳಹೋಗುತ್ತದೆ, ತಿರುಗಣೆ ಮುಚ್ಚಿದರೆ ಉಸಿರಿನೊಂದಿಗೇ ಹೊರಬರುತ್ತದೆ, ಬಿಡುವ ಉಸಿರಿನಲ್ಲಿ ಅದೆಷ್ಟಿದೆ ಎಂಬ ಅಂಕಿಯನ್ನು ನಾನು ಪರದೆಯ ಮೇಲೆ ನೋಡುತ್ತಲೇ ಇರುತ್ತೇನೆ. ಅವರೊಳಗಿನ ಮೇಷ್ಟ್ರು ತಕ್ಷಣ ಎಚ್ಚೆತ್ತರು. "ಎಷ್ಟಕ್ಕೆ ಇಳಿದರೆ ನಾನು ಬರುತ್ತೇನೆ?" ನಿಮ್ಮ ವಯಸ್ಸಿನವರು ಸಾಮಾನ್ಯವಾಗಿ ಶೇಕಡಾ ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಕಣ್ಣು ಬಿಡುತ್ತಾರೆ, ನೋವಿನ ಮದ್ದಿನಿಂದ ಸ್ವಲ್ಪ ಹೆಚ್ಚುಕಡಿಮೆ ಆಗಬಹುದು ಎಂದೆ. ಅಂದು ರಾತ್ರಿ ನಿದ್ದೆ ಮಾಡಿದರಂತೆ. ಬೆಳಿಗ್ಗೆ ರಕ್ತದೊತ್ತಡ 140 ಇತ್ತು.

ಶಸ್ತ್ರಚಿಕಿತ್ಸೆ ಮುಗಿದು, ಗಂಟಲಿನ ಕೊಳವೆ ತೆಗೆದು, ಮೂರು ಸಲ ಹೆಸರು ಹಿಡಿದು ಕರೆದ ಮೇಲೆ ಅವರು ಕಣ್ಣು ತೆರೆದರು. ಗೊಗ್ಗರು ದನಿಯಲ್ಲಿ ಏನೋ ಅಂದರು. ನರ್ಸ್ ನೀರು ಕೇಳುತ್ತಿದ್ದಾರೆಂದು ತಿಳಿದರು. ನಾನು ಬಗ್ಗಿ ಕಿವಿಗೊಟ್ಟೆ.

"ಎಷ್ಟಿತ್ತು?"

0.3, ಎಂದೆ.