ಒಂಥರಾ ಹುಡುಗಿ

ದಸರಾ ರಜೆಗೆ ಬಂದ ಅಕ್ಕನ ಮಗಳ ಬ್ಯಾಗಿನಲ್ಲಿ ಬಟ್ಟೆಗಿಂತ ಪುಸ್ತಕವೇ ಜಾಸ್ತಿ ಇತ್ತು. ಅವಳಿಗೀಗ ಹದಿನೈದು. ಅಡುಗೆಮನೆ ಕಟ್ಟೆಯ ಮೇಲೆ ಮರೆತುಹೋಗಿದ್ದ ಒಂದು ಪುಸ್ತಕವನ್ನು, ಕುಕ್ಕರ್ ಕೂಗುವ ತನಕ ಅಂತ ಸುಮ್ನೆ ಎತ್ತಿಕೊಂಡೆ. ಆಲಿಸ್ ಓಸ್‌ಮನ್ ಬರೆದು, ಚಿತ್ರವನ್ನೂ ತಾವೇ ಬಿಡಿಸಿದ 'ಹಾರ್ಟ್‌ಸ್ಟಾಪರ್'. ಇಂಗ್ಲೆಂಡಿನ ಗಂಡುಮಕ್ಕಳ ಶಾಲೆ. ಚಾರ್ಲಿ, ನಿಕ್ ಎಂಬ ಇಬ್ಬರು ಹುಡುಗರು ಅಕ್ಕಪಕ್ಕ ಕೂರುತ್ತಾರೆ, ನಗುತ್ತಾರೆ. ಪುಟದ ತುಂಬ ಎಲೆಗಳು ತೇಲಾಡುತ್ತಿರುತ್ತವೆ. ಮೂರು ಕೂಗಿಗೆ ಇಳಿಸಬೇಕಾದ ಕುಕ್ಕರ್ ಆರು ಸಲ ಕೂಗಿತು. ಬೇಳೆ ಗಂಜಿಯಾಯಿತು.

"ಚಿಕ್ಕಮ್ಮ, ಅದು ಕ್ವಿಯರ್ ಪುಸ್ತಕ, ಗೊತ್ತಾಯ್ತಾ?" ಎಂದಳು. ಗೊತ್ತಾದರೆ ಕೆಳಗಿಟ್ಟುಬಿಡುತ್ತೇನೆ ಅಂದುಕೊಂಡಿದ್ದಳೋ ಏನೋ.

ಆ ಪದ ಅವಳ ಬಾಯಲ್ಲಿ ಎಷ್ಟು ಸಲೀಸು! ನಾನು ಕನ್ನಡದಲ್ಲಿ ಹೇಳಹೊರಟರೆ ಪೇಪರಿನವರ 'ಸಲಿಂಗಕಾಮ'ವೇ ಗತಿ. ಪಕ್ಕದ ಬೆಂಚಿನವನು 'ಹಾಯ್' ಅಂದಿದ್ದಕ್ಕೇ ಎದೆ ಹೊಡೆದುಕೊಳ್ಳುವ ಹುಡುಗನ ಮೇಲೆ ಅಷ್ಟು ಭಾರದ ಪದ ಹೇರುವುದು ಹೇಗೆ? ನಮ್ಮ ಕಾಲದಲ್ಲಿ ಅದೂ ಇರಲಿಲ್ಲ. 1996ರಲ್ಲಿ ಧಾರವಾಡದಲ್ಲಿ ಪಿಯುಸಿ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಇದ್ದದ್ದು ಒಂದೇ ಪದ. "ಅವಳು ಒಂಥರಾ ಕಣೇ."

ಆ ರಜೆಯಲ್ಲಿ ಅವಳು ಓದಿ ಮುಗಿಸಿದ್ದನ್ನೆಲ್ಲ ನಾನೂ ಓದಿದೆ. ಮಾಲಿಂಡಾ ಲೋ ಅವರ 'ಲಾಸ್ಟ್ ನೈಟ್ ಅಟ್ ದ ಟೆಲಿಗ್ರಾಫ್ ಕ್ಲಬ್' ಅವಳಿಗೆ ಉದ್ದ ಅನ್ನಿಸಿತಂತೆ, ಅರ್ಧಕ್ಕೇ ಬಿಟ್ಟಿದ್ದಳು. ನಾನು ಎರಡು ರಾತ್ರಿಯಲ್ಲಿ ಮುಗಿಸಿದೆ. 1954ರ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್. ಕಮ್ಯುನಿಸ್ಟರ ಬೇಟೆ ನಡೆಯುತ್ತಿದ್ದ ಕಾಲ. ಹದಿನೇಳರ ಲಿಲಿಗೆ ಕ್ಲಾಸಿನ ಕ್ಯಾಥ್ ಮೇಲೆ ಮನಸ್ಸು. 2021ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಪುಸ್ತಕ. ಎಲ್ಲರೂ ಲಿಲಿಗಾಗಿ ಓದುತ್ತಾರೆ. ನನ್ನ ಕಣ್ಣು ಮಾತ್ರ ಶರ್ಲಿಯನ್ನು ಬಿಟ್ಟು ಕದಲಲಿಲ್ಲ. ಶರ್ಲಿ ಎಂದರೆ ಲಿಲಿಯ ಚಿಕ್ಕಂದಿನ ಗೆಳತಿ, ಆಮೇಲೆ ದೂರ ಸರಿಯುವವಳು.

ಜಗಳ ಹತ್ತಿದ್ದು ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' ಬಗ್ಗೆ. ನಮ್ಮ ದೇಶದ್ದೇ ಕಥೆ. ಮುಸ್ಕಾನ್ ಎಂಬ ಹುಡುಗಿ ಸಾಯಲು ಹೋಗಿ ಆಸ್ಪತ್ರೆ ಸೇರಿದ್ದಾಳೆ. ಕಥೆ ಹೇಳುವವರು ಮೂವರು ಸಹಪಾಠಿಗಳು: ಆಲಿಯಾ, ಪ್ರತೀಕ್, ಸುಭೋಜಯ್. ಮುಸ್ಕಾನ್‌ಗೇ ಒಂದು ಅಧ್ಯಾಯವೂ ಇಲ್ಲ.

"ಇದು ಅನ್ಯಾಯ ಅಲ್ವಾ?" ಅಂದಳು ನಮ್ಮ ಹುಡುಗಿ. "ಅವಳ ಕಥೆ, ಬರೀ ಬೇರೆಯವರದೇ ಮಾತು. ಹಾರ್ಟ್‌ಸ್ಟಾಪರ್‌ನಲ್ಲಿ ಚಾರ್ಲಿನೇ ಮಾತಾಡ್ತಾನೆ."

ಅವಳು ಹೇಳಿದ್ದು ಸರಿಯೇ. ಆದರೆ ಈ ಪುಸ್ತಕ ಬಂದದ್ದು 2014ರಲ್ಲಿ. ಅದಕ್ಕೂ ಸ್ವಲ್ಪ ಮುಂಚೆ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಸೆಕ್ಷನ್ನನ್ನು ಎತ್ತಿಹಿಡಿದಿತ್ತು. ದೆಹಲಿ ಹೈಕೋರ್ಟು 2009ರಲ್ಲಿ ಕೊಟ್ಟಿದ್ದ ಬಿಡುಗಡೆ ಹೊರಟುಹೋಗಿತ್ತು. ಅದು ಮತ್ತೆ ಸಿಕ್ಕಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಆಗ ಇವಳು ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಇದನ್ನೆಲ್ಲ ಹೇಳಿದೆ. "ಅದಕ್ಕೇ ಅವಳು ಮಾತಾಡಬೇಕಿತ್ತು" ಅಂದುಬಿಟ್ಟಳು. ಈ ವಯಸ್ಸಿನವರ ಜೊತೆ ವಾದ ಮಾಡಬಾರದು.

ಕನ್ನಡದಲ್ಲಿ ಇಂಥದ್ದು ಇಲ್ವಾ ಅಂತಲೂ ಕೇಳಿದಳು. ಕಪಾಟಿನಲ್ಲಿದ್ದ ವಸುಧೇಂದ್ರರ 'ಮೋಹನಸ್ವಾಮಿ' ತೋರಿಸಿದೆ. 2013ರದ್ದು, ದೊಡ್ಡವರ ಕಥೆಗಳು. ಇನ್ನೆರಡು ವರ್ಷ ಬಿಟ್ಟು ಓದು ಅಂದೆ. ಮರುದಿನ ಅದು ಕಪಾಟಿನಲ್ಲಿ ಇರಲಿಲ್ಲ. ನಾನೂ ಕೇಳಲಿಲ್ಲ.

ಮುಸ್ಕಾನ್ ಪುಸ್ತಕ ನನಗೇಕೆ ಅಷ್ಟು ನಾಟಿತು ಅಂದರೆ, ನಮ್ಮಲ್ಲೂ ಮಾತಾಡಿದ್ದು ಬೇರೆಯವರೇ. ಹಾಸ್ಟೆಲಿನಲ್ಲಿ ನನ್ನಿಂದ ಎರಡು ಮಂಚ ಆಚೆ ಆ 'ಒಂಥರಾ' ಹುಡುಗಿ ಇದ್ದಳು. ಕೆಮಿಸ್ಟ್ರಿ ನೋಟ್ಸ್ ಅವಳಷ್ಟು ಚೆನ್ನಾಗಿ ಯಾರೂ ಬರೆಯುತ್ತಿರಲಿಲ್ಲ. ನಾವೆಲ್ಲ ಅದನ್ನೇ ಕಾಪಿ ಮಾಡುತ್ತಿದ್ದೆವು. ಹಾಗೆ ಇಸಕೊಂಡ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ, ಮೇಲಿನ ಮಹಡಿಯ ಸೀನಿಯರ್ ಒಬ್ಬಳಿಗೆ ಬರೆದು ಕೊಡದೇ ಉಳಿಸಿಕೊಂಡ ನಾಲ್ಕು ಸಾಲು ಇತ್ತು. ಒಬ್ಬಳು ಅದನ್ನು ಮೆಸ್ಸಿನಲ್ಲಿ ಗಟ್ಟಿಯಾಗಿ ಓದಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಸಾಲುಗಳಲ್ಲಿ ಇದ್ದದ್ದು ಏನು ಗೊತ್ತಾ? ನೀವು ಹಳದಿ ಚೂಡಿದಾರ ಹಾಕಿದ ದಿನ ನನಗೆ ಊಟ ಸೇರುವುದಿಲ್ಲ ಅಂತ. ಅಷ್ಟೇ.

ಹದಿನೈದು ದಿನದಲ್ಲಿ ಅವರಪ್ಪ ಬಂದು ಟ್ರಂಕು ಹೊರಿಸಿಕೊಂಡು ಕರೆದುಕೊಂಡು ಹೋದರು. ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಅವಳ ನೋಟ್ಸ್ ನಮ್ಮ ಬಳಿಯೇ ಉಳಿಯಿತು.

ಇಷ್ಟನ್ನು ಅಕ್ಕನ ಮಗಳಿಗೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಅವಳ ಹೆಸರೇನು ಚಿಕ್ಕಮ್ಮ?" ಅಂತ ಮಾತ್ರ ಕೇಳಿದಳು. ಹೇಳಿದೆ.

ಒಂದು ವಿಷಯ ಮಾತ್ರ ಅವಳಿಗೂ ಹೇಳಲಿಲ್ಲ. ಆ ಹಾಸ್ಟೆಲ್ ಹುಡುಗಿಯದು ಕಿಟಕಿ ಪಕ್ಕದ ಮಂಚ. ಗಾಳಿ ಚೆನ್ನಾಗಿ ಬರುತ್ತಿತ್ತು. ಅವಳು ಹೋದ ದಿನ ಸಂಜೆಯೇ ವಾರ್ಡನ್ ಹತ್ತಿರ ಹೋಗಿ ಅದನ್ನು ಕೇಳಿ ಪಡೆದವಳು ನಾನು.