ಬಾಟಲಿ ತಿರುಗಿಸಿ ನೋಡಿ

ಇವತ್ತು ಸಾಗರದ ವೈನ್ ಶಾಪಲ್ಲಿ ಕೈಗೆ ಬಂದ ಬಿಯರ್‌ಗೆ ಆಗಲೇ ಐದು ತಿಂಗಳು. ಹಸಿರು ಗಾಜು, ಬಿಸಿಲು ಬೀಳೋ ಶೆಲ್ಫು. ವಾಪಸ್ ಇಟ್ಟೆ.

ಹಸಿರು ಗಾಜು ಬೆಳಕನ್ನ ಸರಿಯಾಗಿ ತಡೆಯಲ್ಲ. ಬೆಳಕು ತಾಗಿದ್ರೆ ಬಿಯರಿಗೆ ಹಾಕೋ ಹಾಪ್ಸ್ ಹೂವಿನ ಕಹಿ ಅಂಶ ಒಡೆದು ಗಂಧಕದ ನಾತ. ನೇರ ಬಿಸಿಲಾದ್ರೆ ಕೆಲವೇ ನಿಮಿಷ ಸಾಕು. ಕಂದು ಬಾಟಲಿ ವಾಸಿ, ಕ್ಯಾನ್ ಇನ್ನೂ ವಾಸಿ. ಸೆಕೆಯಲ್ಲಿ ತಿಂಗಳುಗಟ್ಟಲೆ ನಿಂತಿದ್ರೆ ಮಾತ್ರ ಕ್ಯಾನಾದ್ರೂ ಅಷ್ಟೇ, ಒದ್ದೆ ರಟ್ಟಿನ ರುಚಿ. ಆಮೇಲೆ ಫ್ರಿಜ್ಜಲ್ಲಿಟ್ರೆ ತಣ್ಣಗಾಗುತ್ತೆ, ಸರಿಯಾಗಲ್ಲ.

ಬೆಂಗಳೂರಿನವರಿಗೆ ಈ ತಲೆನೋವಿಲ್ಲ. ಇಂದಿರಾನಗರದಲ್ಲಿ ಅಲ್ಲೇ ಬಿಯರ್ ಮಾಡೋ ಪಬ್ಬಲ್ಲಿ ಟ್ಯಾಂಕಿಂದ ಸೀದಾ ಗ್ಲಾಸಿಗೆ ಹೆಫೆವೈಜನ್, ಅಂದ್ರೆ ಜರ್ಮನ್ ಶೈಲಿಯ ಗೋಧಿ ಬಿಯರ್. ಬಾಳೆಹಣ್ಣು, ಲವಂಗದ ಘಮ. (ಯಾರೂ ಬಾಳೆಹಣ್ಣು ಹಾಕಿರಲ್ಲ ಮಾರಾಯ್ರೆ, ಅದು ಯೀಸ್ಟಿನ ಕೆಲಸ.) ತಾಜಾ ಇದ್ದಾಗಲೇ ಅದರ ಗಮ್ಮತ್ತು. ದುಡ್ಡೂ ಹಾಗೇ ಬಿಚ್ಚಬೇಕು, ಮೇಲೆ ಗಾಡಿ ಮುಟ್ಟೋ ಹಾಗಿಲ್ಲ, ಆಟೋದವನು ಹೇಳಿದ್ದೇ ರೇಟು.

ನಮ್ಮ ಕಡೆಯವರು ತಾರೀಖು ನೋಡಿ, ಮೂರು ತಿಂಗಳ ಒಳಗಿಂದು ಕೇಳಿ, ಮುಚ್ಚಿದ ಪೆಟ್ಟಿಗೆಯಿಂದಲೇ ತೆಗೆಸಿ. ಕುಡಿಯೋವಾಗ 6-7 ಡಿಗ್ರಿ ತಂಪಿದ್ರೆ ಸಾಕು. ಗ್ಲಾಸಲ್ಲಿ ಸೋಪು, ಜಿಡ್ಡು ಉಳಿದ್ರೆ ನೊರೆ ನಿಲ್ಲಲ್ಲ. ಮಳೆಗಾಲದಲ್ಲಿ ಕೊಳ್ಳೋದು ವಾಸಿ. ಏಪ್ರಿಲ್‌ನಲ್ಲಿ ಮಜ್ಜಿಗೆನೇ ಗತಿ.